ಅಂಕೋಲೆ ತಳಿಯ ಕೊನೆಯ ಆಂಪೂಲ್

ರೋಗಾಣು ಸಾಯುವುದೇ ಇಲ್ಲ ಎಂದು ನಂಬಿದವರು ಅದನ್ನು ಎಂದೂ ಸಾಕಿದವರಲ್ಲ. ಕೊಟ್ಟಿಗೆಯಲ್ಲಿ ಒಂದೇ ಹಗಲಿಗೆ ಎಮ್ಮೆಯನ್ನು ಕೆಡವುವ ಜೀವಿ ಪ್ರಯೋಗಾಲಯದ ತಟ್ಟೆಗೆ ಬಂದರೆ ಹತ್ತು ಹರಕೆಗೆ ಹುಟ್ಟಿದ ಕೂಸಾಗಿಬಿಡುತ್ತದೆ. ರಕ್ತ ಬೆರೆಸಿದ ಆಹಾರವೇ ಬೇಕು, ಮೈಬಿಸಿಯಷ್ಟೇ ಕಾವು ಬೇಕು. ತುಸು ದಿನ ಮರೆತರೆ ಮುನಿಸಿಕೊಂಡು ಸತ್ತೇಹೋಗುತ್ತದೆ. ಇಂಥ ಒಂದನ್ನು ಉಳಿಸಿಕೊಳ್ಳಲು ಕಾರವಾರದಲ್ಲಿ ಒಂದು ಇಡೀ ಮಳೆಗಾಲ ಹೆಣಗಿದೆ.

ಅದಿರಿನ ಲಾರಿಗಳು ಹಗಲೂ ಇರುಳೂ ಬೇಲೆಕೇರಿ ಕಡೆಗೆ ಸಾಲುಗಟ್ಟುತ್ತಿದ್ದ ವರ್ಷಗಳು ಅವು. ನಮ್ಮದು ಜಾನುವಾರು ರೋಗಗಳನ್ನು ಪತ್ತೆಹಚ್ಚುವ ಪುಟ್ಟ ಪ್ರಯೋಗಾಲಯ, ಮೂರು ಕೋಣೆಯದು. ನಾನು ಬಂದಾಗ ಜೊತೆಗೆ ಇಬ್ಬರಿದ್ದರು. ಒಬ್ಬರು ನಿವೃತ್ತರಾದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ಇನ್ನೊಬ್ಬರನ್ನು ಸಿರ್ಸಿಗೆ ಎರವಲು ಕೊಟ್ಟರು. ಸರಕಾರದ ಎರವಲು ಹಿಂದಿರುಗಿ ಬರುವುದನ್ನು ಯಾರೂ ಕಂಡಿಲ್ಲ. ಆಮೇಲೆ ಕೀಲಿ ತೆಗೆಯುವವಳೂ ನಾನೇ, ಗಾಜು ತೊಳೆಯುವವಳೂ ನಾನೇ, ವರದಿಗೆ ಸಹಿ ಹಾಕುವವಳೂ ನಾನೇ. ಕೆಲವು ದಿನ ಮಧ್ಯಾಹ್ನದವರೆಗೆ ನನ್ನ ದನಿ ನನಗೇ ಕೇಳಿಸಿರುತ್ತಿರಲಿಲ್ಲ. ಧಾರವಾಡದ ಮನೆಗೆ ಫೋನು ಮಾಡಿದರೆ, “ಸಮುದ್ರದ ದಂಡಿಗೆ ಆರಾಮ ಅದೀ ಬಿಡು” ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮಲ್ಲಿ ಕೆಲವು ಮಾದರಿ ತಳಿಗಳಿದ್ದವು. ಅಕ್ಕಸಾಲಿಗ ಬಂಗಾರ ಉಜ್ಜಿ ನೋಡಲು ಒರೆಗಲ್ಲು ಇಟ್ಟುಕೊಳ್ಳುತ್ತಾನಲ್ಲ, ಇವೂ ಹಾಗೆ. ಹೊಸ ರೋಗಾಣು ಸಿಕ್ಕಿದರೆ ಅದು ಯಾವ ಜಾತಿ, ಕೊಡುವ ಲಸಿಕೆ ಅದಕ್ಕೆ ನಾಟುತ್ತದೋ ಇಲ್ಲವೋ ಎಂದು ಇವುಗಳ ಪಕ್ಕದಲ್ಲಿಟ್ಟು ನೋಡಬೇಕು. ಹೆಚ್ಚಿನವು ಬೇರೆ ಊರಿನ ಸಂಗ್ರಹಗಳಲ್ಲೂ ಇದ್ದವು, ಕೆಟ್ಟರೆ ತರಿಸಿಕೊಳ್ಳಬಹುದಿತ್ತು. ಒಂದು ಮಾತ್ರ ನಮ್ಮಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಎಮ್ಮೆಗಳ ಗಂಟಲು ಬಾತು ಉಸಿರು ಕಟ್ಟಿಸುವ ಗಳಲೆ ರೋಗದ್ದು, ಅಂಕೋಲೆ ತಾಲೂಕಿನ ಸತ್ತ ಎಮ್ಮೆಯೊಂದರಿಂದ ಬೇರ್ಪಡಿಸಿದ್ದು. ಅದಕ್ಕೊಂದು ಉದ್ದನೆಯ ನಂಬರಿತ್ತು, ಬಾಯಲ್ಲಿ ಎಲ್ಲರೂ ಅಂಕೋಲೆ ತಳಿ ಎನ್ನುತ್ತಿದ್ದೆವು.

ಬೇರ್ಪಡಿಸಿದವರು ನನಗಿಂತ ಬಹಳ ಹಿಂದೆ ಅದೇ ಕುರ್ಚಿಯಲ್ಲಿ ಕೂತಿದ್ದ ಅಧಿಕಾರಿ. ನಿವೃತ್ತರಾಗಿ ಬಾಳೆಗುಳಿಯಲ್ಲಿ ಮಗನ ಮನೆಯಲ್ಲಿದ್ದರು. ನಾನು ಅವರನ್ನು ಒಂದೆರಡು ಸಲ ಕಂಡಿದ್ದೆ, ಅಷ್ಟೆ. ಆದರೆ ಅಂಕೋಲೆಯ ಪಶುವೈದ್ಯರು ಸಿಕ್ಕಾಗಲೆಲ್ಲ ಹೇಳುತ್ತಿದ್ದರು: “ಹಳೇ ಸಾಹೇಬ್ರು ಪ್ಯಾಟೆಗೆ ಬಂದಾಗೆಲ್ಲ ದವಾಖಾನಿಗೆ ಬತ್ರು, ಮೇಡಂ. ನಮ್ದು ಹೆಂಗದೆ ಅಂತ ಕೇಳ್ತ್ರು. ಮೊಮ್ಮಗು ಸುದ್ದಿ ಕೇಳ್ದಂಗೆ.” ಚೆನ್ನಾಗಿದೆಯೆಂದು ಹೇಳಿ ಎನ್ನುತ್ತಿದ್ದೆ. ಚೆನ್ನಾಗಿದೆಯೆಂದೇ ನಾನು ನಂಬಿದ್ದೆ.

ಮಳೆ ಹಿಡಿಯುವ ಹೊತ್ತಿಗೆ ಬೆಂಗಳೂರಿನ ಮೇಲಧಿಕಾರಿಯ ಆದೇಶ ಬಂತು. ಸಣ್ಣ ಪ್ರಯೋಗಾಲಯಗಳ ತಳಿಗಳೆಲ್ಲ ಇನ್ನು ಒಂದೇ ಕೇಂದ್ರ ಸಂಗ್ರಹದಲ್ಲಿರಬೇಕು, ದೀಪಾವಳಿಯೊಳಗೆ ಅಂಕೋಲೆ ತಳಿಯನ್ನು ಹೊಸದಾಗಿ ಬೆಳೆಸಿ, ಒಣಗಿಸಿ, ಆಂಪೂಲು ಎಂಬ ಪುಟ್ಟ ಗಾಜಿನ ಕುಪ್ಪಿಗಳಲ್ಲಿ ಮುಚ್ಚಿ ಕಳಿಸಬೇಕು. ಒಳ್ಳೆಯದೇ ಆಯಿತು ಅಂದುಕೊಂಡೆ. ಆ ವಾರವೇ ಡೀಪ್ ಫ್ರೀಜರ್ ಕೆಟ್ಟಿತು. ಉಪ್ಪುಗಾಳಿಗೆ ಅದರ ಹೊಟ್ಟೆ ತುಕ್ಕು ಹಿಡಿದು ಹೋಗಿತ್ತು. ಶನಿವಾರ ಬೀಗ ಹಾಕಿ ಹೋದವಳು ಸೋಮವಾರ ಬಂದರೆ ನೆಲದ ತುಂಬ ನೀರು. ಗ್ಲಿಸರಾಲಿನಲ್ಲಿಟ್ಟ ನಳಿಗೆಗಳೆಲ್ಲ ಬೆಚ್ಚಗೆ ತೇಲುತ್ತಿದ್ದವು. ಒಂದೊಂದನ್ನೂ ತಟ್ಟೆಗೆ ಗೀರಿ ನೋಡಿದೆ, ಯಾವುದೂ ಏಳಲಿಲ್ಲ. ಉಳಿದದ್ದು ಮೂರು ಗಾಜಿನ ಆಂಪೂಲು, ಹಳೇ ಸಾಹೇಬರು ನಿವೃತ್ತಿಗೆ ಮುಂಚೆ ಒಣಗಿಸಿ ಮುಚ್ಚಿಟ್ಟವು.

ಆಂಪೂಲು ಒಡೆಯುವುದಕ್ಕೂ ಒಂದು ಕ್ರಮವಿದೆ. ಕುತ್ತಿಗೆಯ ಮೇಲೆ ಅರದಿಂದ ಸಣ್ಣ ಗೀರು ಹಾಕಬೇಕು, ಸ್ಪಿರಿಟ್ಟಿನಿಂದ ಒರೆಸಬೇಕು, ಹತ್ತಿ ಸುತ್ತಿ ಮೆಲ್ಲಗೆ ಮುರಿಯಬೇಕು. ಒಳಗೆ ಗಾಳಿಯೇ ಇಲ್ಲದ ನಿರ್ವಾತ, ಅವಸರ ಮಾಡಿದರೆ ಪುಡಿಯೆಲ್ಲ ಹಾರಿಹೋಗುತ್ತದೆ. ಹಾಲಿನ ಪುಡಿಯಂಥ ಆ ಚಿಟಿಕೆಗೆ ರೋಗಾಣು ಬೆಳೆಸುವ ಮಾಂಸದ ಸಾರು ನಾಲ್ಕು ಹನಿ ಬಿಟ್ಟು, ನೆನೆಯಲು ಬಿಟ್ಟು, ರಕ್ತದ ಅಗರ್ ತಟ್ಟೆಯ ಮೇಲೆ ಗೀರಿ ಕಾವುಪೆಟ್ಟಿಗೆಯಲ್ಲಿಡಬೇಕು. ಆಮೇಲೆ ಕಾಯುವುದು. ಮೊದಲನೆಯದನ್ನು ಒಡೆದಾಗ ನಿರ್ವಾತ ಬಿಡುವಾಗಿನ ಸಣ್ಣ ಸುಯ್ ಸದ್ದೇ ಬರಲಿಲ್ಲ. ಎಲ್ಲೋ ಕೂದಲೆಳೆಯ ತೂತಿನಿಂದ ನಮ್ಮ ಕಡಲ ಗಾಳಿ ಒಳಗೆ ಹೊಕ್ಕಿತ್ತು. ತಟ್ಟೆ ಖಾಲಿಯಾಗಿಯೇ ಉಳಿಯಿತು.

ಎರಡನೆಯದು ಬೆಳೆಯಿತು. ಕುಣಿಯುವುದೊಂದೇ ಬಾಕಿ. ಆದರೆ ಪಾರದರ್ಶಕ ತಟ್ಟೆಗೆ ಬದಲಿಸಿ ಓರೆ ಬೆಳಕಿಗೆ ಹಿಡಿದಾಗ ನನ್ನ ಮುಖ ಸಣ್ಣದಾಯಿತು. ಎಮ್ಮೆ ಕೊಲ್ಲುವ ಕಸುವಿರುವ ತಳಿಗೆ ಮೈಮೇಲೊಂದು ಹೊದಿಕೆ ಇರುತ್ತದೆ, ಓರೆ ಬೆಳಕಿನಲ್ಲಿ ಅದರ ಚುಕ್ಕಿಗಳು ತಾಜಾ ಬಂಗಡೆ ಮೀನಿನ ಹೊಟ್ಟೆಯಂತೆ ಹಸಿರು, ನೀಲಿ, ಕೆಂಪು ಹೊಳೆಯುತ್ತವೆ. ಇವು ಬೂದಿಬಣ್ಣಕ್ಕೆ ಸಪ್ಪಗಿದ್ದವು. ಒಣಗಿಸುವ ಯಂತ್ರ ಬರುವ ಮುಂಚೆ ಎಷ್ಟೋ ವರ್ಷ ಈ ತಳಿಯನ್ನು ನಮ್ಮಲ್ಲಿ ವಾರವಾರ ನಳಿಗೆಯಿಂದ ನಳಿಗೆಗೆ ದಾಟಿಸುತ್ತಿದ್ದರು, ಮೊಸರಿನಿಂದ ಹೆಪ್ಪು, ಹೆಪ್ಪಿನಿಂದ ಮೊಸರು ಎಂಬಂತೆ. ಕೂತಲ್ಲಿಗೇ ಊಟ ಬಂದರೆ ಯಾರು ತಾನೇ ಕವಚ ಹೊತ್ತು ತಿರುಗುತ್ತಾರೆ? ಒಣಗಿಸುವ ಹೊತ್ತಿಗೇ ಅರ್ಧದಷ್ಟು ಹೊದಿಕೆ ಕಳಚಿ ಕೂತಿದ್ದವು. ಕಸುವು ಮರಳಲಿ ಎಂದು ಧಾರವಾಡದಿಂದ ಬಿಳಿ ಇಲಿ ತರಿಸಿ ಚುಚ್ಚಿದೆ. ಇಲಿಗಳು ಮರುದಿನವೂ ಅದರ ಮರುದಿನವೂ ಕಾಳು ತಿನ್ನುತ್ತಾ ನನ್ನನ್ನೇ ನೋಡಿದವು. ಒಂದು ರೋಗಾಣುವಿಗೆ ಇದಕ್ಕಿಂತ ಮರ್ಯಾದೆಗೇಡು ಇನ್ನೊಂದಿಲ್ಲ.

ಹೊದಿಕೆ ಕಳಚಿದ್ದು ಒರೆಗಲ್ಲಾಗಿ ಕೆಲಸಕ್ಕೆ ಬಾರದು, ಇದ್ದೂ ಸತ್ತಂತೆ. ಇನ್ನು ಉಳಿದದ್ದು ಒಂದೇ. ನಿರ್ವಾತ ಇದೆಯೋ ಇಲ್ಲವೋ ನೋಡಲು ನಮ್ಮಲ್ಲೊಂದು ಕಿಡಿಕಡ್ಡಿ ಇತ್ತು. ಗಾಜಿಗೆ ತಾಗಿಸಿದರೆ ಒಳ್ಳೆಯ ಆಂಪೂಲು ತಿಳಿನೇರಳೆ ಬೆಳಗುತ್ತದೆ, ಸೋರಿದ್ದು ಬೆಳಗುವುದಿಲ್ಲ. ಇದು ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಹೌದೋ ಅಲ್ಲವೋ ಎಂಬಷ್ಟು ಮಿನುಗಿತು. ಮೇಲಧಿಕಾರಿಗೆ ಫೋನು ಮಾಡಿ ಎಲ್ಲ ಹೇಳಿದೆ.

“ಒಡೀಬೇಡಿ ಮೇಡಂ,” ಎಂದರು. “ಹಾಗೇ ಪ್ಯಾಕ್ ಮಾಡಿ ಕಳಿಸಿ. ಇಲ್ಲಿ ಯಾರೂ ಒಡೆಯೋದಿಲ್ಲ. ಸಂಗ್ರಹದಲ್ಲಿ ಇದೆ ಅಂತಾದ್ರೆ ಆಯ್ತು.”

“ಸತ್ತಿದ್ದರೆ ಸಾರ್?”

“ನಿಮಗೆ ಗೊತ್ತಾಗೋದು ಹೇಗೆ? ನಿಮಗೆ ಗೊತ್ತಿಲ್ಲ ಅಂದ್ರೆ ನನಗೂ ಗೊತ್ತಿಲ್ಲ.”

ಆ ಮಾತಿನ ಜಾಣತನಕ್ಕೆ ಬೆರಗಾದೆ. ಆ ಗಾಜನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಒಡೆದು, ಸತ್ತಿದ್ದರೆ ತಳಿ ಮುಗಿಯಿತು. ಒಡೆಯದಿದ್ದರೆ ಎಲ್ಲರ ಪಾಲಿಗೂ ಬದುಕಿರುತ್ತದೆ, ಅಂಕೋಲೆಯ ಯಾವುದೋ ಕೊಟ್ಟಿಗೆಗೆ ನಿಜವಾಗಿ ಬೇಕಾಗುವ ದಿನದವರೆಗೆ. ಆ ದಿನ ಅದನ್ನು ಒಡೆಯುವವರು ಯಾರೋ ಪಾಪ, ನನ್ನ ಹಾಗೆಯೇ ಒಬ್ಬರೇ ಕೂತಿರುತ್ತಾರೆ. ಯಾರನ್ನಾದರೂ ಕೇಳಬೇಕು ಅನಿಸಿತು. ಕೇಳಲು ಯಾರೂ ಇರಲಿಲ್ಲ. ಅರ ತೆಗೆದುಕೊಂಡು ಕುತ್ತಿಗೆಗೆ ಗೀರು ಹಾಕಿದೆ.

ಬೆಳೆಯಲಿಲ್ಲ. ಇನ್ನೊಂದು ದಿನ ನೋಡೋಣ ಎಂದು ಕಾದೆ, ಮತ್ತೊಂದು ದಿನ ಕಾದೆ, ಸಾರಿನಿಂದ ಮತ್ತೆ ಗೀರಿದೆ. ತಟ್ಟೆಯ ರಕ್ತವೇ ಕಪ್ಪಾಗಿ ಒಣಗತೊಡಗಿತು. ಆಗ ಕೈ ತೊಳೆದುಕೊಂಡು, ಏಪ್ರನ್ ಕಳಚಿ, ಅತ್ತೆ. ಕಣ್ಣಿಗೆ ಕಾಣದ ಹುಳುವಿಗೆ ಅಳುತ್ತಿದ್ದೇನಲ್ಲ ಎಂದು ನಗುವೂ ಬಂತು, ಆದರೂ ಅಳು ನಿಲ್ಲಲಿಲ್ಲ. ಎಷ್ಟೋ ತಿಂಗಳ ಅಳು ಒಂದು ನೆವಕ್ಕೆ ಕಾದಿತ್ತೋ ಏನೋ.

ನನ್ನ ಬಾಡಿಗೆ ಕೋಣೆ ಕೋಡಿಬಾಗದಲ್ಲಿತ್ತು. ಮನೆಯೊಡತಿಯದು ಮನೆಯಲ್ಲಿ ಕೊಂಕಣಿ, ನನ್ನ ಹತ್ತಿರ ಅರ್ಧ ಕೊಂಕಣಿ ಅರ್ಧ ಕನ್ನಡ. ಆ ಸಂಜೆ ಬಾಗಿಲಲ್ಲೇ ತಡೆದರು.

“ಕಿತೆಂ ಜಾಲೆಂ ಗೋ ಬಾಯ್? ಏನಾಯ್ತು? ಮುಖ ಎಲ್ಲ ಊದಿದೆ. ಊರಲ್ಲಿ ಯಾರಾದ್ರೂ ಹೋದ್ರಾ?”

“ಹೋದದ್ದು ಹೌದು. ಮನುಷ್ಯರಲ್ಲ.”

“ಸಾಕಿದ್ದಾ? ನಾಯಿಯಾ?”

“ಅದಕ್ಕಿಂತ ಸಣ್ಣದು.”

“ಬೆಕ್ಕಾ?”

“ಇನ್ನೂ ಸಣ್ಣದು.”

ಅವರು ಒಳಗೆ ಕರೆದು ಬಿಸಿ ಪೇಜಿನ, ಎಂದರೆ ಗಂಜಿಯ, ಬಟ್ಟಲು, ಮಾವಿನ ಮಿಡಿ ಮುಂದಿಟ್ಟರು. “ಸಣ್ಣದಾದ್ರೆ ಎಂತ ಆಯ್ತು? ಸಾಕಿದ್ದಲ್ವಾ. ಉಣ್ಣು ಮೊದ್ಲು,” ಎಂದರು. ಗಂಜಿ ನುಂಗುತ್ತಾ ಮತ್ತೊಮ್ಮೆ ಕಣ್ಣು ತುಂಬಿ ಬಂತು, ಮಿಡಿಯ ಖಾರಕ್ಕೆ ಎಂದೆ.

ಆಷಾಢದ ಮಳೆ ಜೋರಾದಾಗ ಅಂಕೋಲೆಯ ಪಶುವೈದ್ಯರ ಫೋನು ಬಂತು. ಹಳ್ಳಿಯೊಂದರಲ್ಲಿ ಎಮ್ಮೆ ಸತ್ತಿದೆ, ಗಂಟಲು ಬಾತಿತ್ತು, ಗಳಲೆಯೇ ಇರಬೇಕು. ಮಾದರಿ ಕಳಿಸಲೇ ಎಂದರು. ಉದ್ದನೆಯ ಎಲುಬೊಂದನ್ನು ಇಡಿಯಾಗಿ ಕಳಿಸಿ ಎಂದೆ. ಹೆಣ ಕೊಳೆತರೂ ಎಲುಬಿನೊಳಗಿನ ಮಜ್ಜೆ ಬೇಗ ಕೆಡುವುದಿಲ್ಲ, ರೋಗಾಣು ಅಲ್ಲಿ ಕೆಲವು ದಿನ ಬದುಕಿರುತ್ತದೆ. ಮರುದಿನ ಬಸ್ಸಿನ ಕಂಡಕ್ಟರು ಥರ್ಮೋಕೋಲ್ ಡಬ್ಬ ತಂದುಕೊಟ್ಟು ಮೂಗು ಮುಚ್ಚಿಕೊಂಡು ಹೋದರು. ಮುಚ್ಚಳ ತೆಗೆದರೆ ಇಲ್ಲಿಯವರು ಬರ್ಫು ಎನ್ನುವ ಮಂಜುಗಡ್ಡೆಯ ಚೂರು, ಅದರ ಮೇಲೆ ಮುಷ್ಟಿಗಟ್ಟಲೆ ಹರಳುಪ್ಪು. ಮೀನು ಕಟ್ಟುವ ಹಾಗೆಯೇ ಎಲುಬನ್ನು ಕಟ್ಟಿದ್ದರು. ಸಾಲದ್ದಕ್ಕೆ ಡಬ್ಬಕ್ಕೆ ಹಿಡಿಸಲಿ ಎಂದು ಎರಡೂ ತುದಿ ಗರಗಸದಿಂದ ಕತ್ತರಿಸಿದ್ದರು. ಉಪ್ಪುನೀರು ಒಳಗೆ ಸಲೀಸಾಗಿ ಇಳಿದು ಮಜ್ಜೆ ಉಪ್ಪಿನಕಾಯಿಯಾಗಿತ್ತು.

ಫೋನಿನಲ್ಲಿ ಹರಿಹಾಯ್ದೆ. ಪಶುವೈದ್ಯರು ಪಾಪ ಕಟ್ಟಿಸಿದವರು, ಕಟ್ಟಿದವರಲ್ಲ. “ಮೇಡಂ, ಕೆಡ್ದೇ ಇರ್ಲಿ ಅಂತ ಉಪ್ಪು ಹಾಕಿದ್ದು ಮಾರಾಯ್ರೆ! ನಮ್ಮೂರಲ್ಲಿ ಉಪ್ಪು ಹಾಕಿದ್ದು ಯಾವತ್ತಾರೂ ಕೆಟ್ಟದ್ದದ್ಯಾ?” ಎಂದರು. ಸಿಟ್ಟಿನಲ್ಲೂ ನಕ್ಕೆ. ಅವರೇ ಮುಂದುವರಿದು, ಅದೇ ಹಳ್ಳಿಯಲ್ಲಿ ಇನ್ನೊಂದು ಎಮ್ಮೆ ಮಲಗಿದೆ, ಮಧ್ಯಾಹ್ನದವರೆಗೆ ಉಳಿಯುವುದು ಕಷ್ಟ ಎಂದರು. ಸಿರಿಂಜು, ನಳಿಗೆ, ಒಂದು ಫ್ಲಾಸ್ಕಿನ ತುಂಬ ಬರ್ಫು ತೆಗೆದುಕೊಂಡು ಬಸ್ಸು ಹತ್ತಿದೆ. ಬರ್ಫಿಗೆ ಉಪ್ಪು ಹಾಕಲಿಲ್ಲ.

ಅರ್ಗಾದ ನೌಕಾನೆಲೆಯ ಗೋಡೆ ಮುಗಿಯುವುದೇ ಇಲ್ಲ ಅನಿಸಿತು. ಹೆದ್ದಾರಿಯ ಕೆಂಪು ರಾಡಿಯಲ್ಲಿ ಲಾರಿಗಳ ಹಿಂದೆ ತೆವಳಿಕೊಂಡು ಬಸ್ಸು ಅಂಕೋಲೆ ಮುಟ್ಟಿತು. ಪಶುವೈದ್ಯರ ಬೈಕಿನ ಹಿಂದೆ ಕೂತು ಹಳ್ಳಿ ಸೇರುವಾಗ ಎಮ್ಮೆಯ ಉಸಿರು ನಿಂತು ಹೆಚ್ಚು ಹೊತ್ತಾಗಿರಲಿಲ್ಲ. ಎಮ್ಮೆಯ ಒಡತಿ ಕೂಲಿ ಮಾಡಿ, ಹಾಲು ಮಾರಿ ಬದುಕುವ ಹೆಂಗಸು. ಕೊಟ್ಟಿಗೆಯ ಮೂಲೆಯಲ್ಲಿ ಇನ್ನೂ ಕರು ಹಾಕದ ಮಣಕವೊಂದು ಜ್ವರಕ್ಕೆ ತಲೆ ತೂಗುತ್ತಿತ್ತು.

“ಕಾರವಾರದ ಬಾಯೋರು ನೀವೇ ಅಲ್ರಾ?” ಎಂದರು ಆ ಹೆಂಗಸು. “ಸೂಜಿ ಹಾಕೂಕೆ ಬಂದ್ರಾ, ಸತ್ತದ್ದನ್ನ ಕುಯ್ಯೂಕೆ ಬಂದ್ರಾ?”

ಪಶುವೈದ್ಯರು ಮಣಕಕ್ಕೆ ಸೂಜಿ ಕೊಡುತ್ತಿದ್ದರು. ನಾನು ಸತ್ತ ಎಮ್ಮೆಯ ಹೃದಯದಿಂದ ರಕ್ತ ಎಳೆದುಕೊಂಡೆ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸವರಿದೆ. ಇದು ಎಂತಕ್ಕೆ ಎಂದು ಒಡತಿ ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಎಮ್ಮೆಯನ್ನು ಕೊಂದ ರೋಗಾಣು ಈ ರಕ್ತದಲ್ಲಿದೆ, ಅದನ್ನು ಬೆಳೆಸಿ, ಒಣಗಿಸಿ, ಜೀವಂತ ಇಟ್ಟುಕೊಳ್ಳುತ್ತೇವೆ ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನನ್ ಎಮ್ಮೆ ತಿಂದದ್ದನ್ನ ಕುಪ್ಪಿಲಿ ಹಾಕ್ಕಂಡು ಸಾಕ್ತ್ರಾ? ನನ್ ಎಮ್ಮೆ ಸಾಕೂಕೆ ಯಾರೂ ಬರ್ಲಿಲ್ಲ.”

ಪಶುವೈದ್ಯರು ಗದರಲು ಬಾಯಿ ತೆರೆದರು, ನಾನು ಬೇಡವೆಂದೆ. ಕೊಂದದ್ದರ ಗುರುತು ನಮ್ಮ ಹತ್ತಿರ ಇರದಿದ್ದರೆ ಕೊಡುವ ಸೂಜಿ ಅದಕ್ಕೆ ನಾಟುತ್ತದೋ ಇಲ್ಲವೋ ತಿಳಿಯುವುದಿಲ್ಲ ಎಂದು ನಿಧಾನವಾಗಿ ಹೇಳಿದೆ. ಹೇಳುವಾಗ ನನ್ನ ಮಾತು ನನಗೇ ಸಣ್ಣದಾಗಿ ಕೇಳಿಸಿತು. ಅವರು ಸತ್ತ ಎಮ್ಮೆಯ ಕಿವಿ ಸವರುತ್ತಿದ್ದರು.

“ಹಂಗಾರೆ ಸಮಾ ಸಾಕಿ,” ಎಂದರು ಕೊನೆಗೆ. “ಸಾಕ್ತೆ ಅಂದ್ಮೇಲೆ ಸುಳ್ಳೇ ಸಾಕೂದ್ ಬ್ಯಾಡ.”

ಗಾಜಿನ ಪಟ್ಟಿಗೆ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಎರಡು ತುದಿ ಗಾಢ, ನಡುವೆ ಖಾಲಿ ಇರುವ ಕಣಗಳು ಎಲ್ಲೆಡೆ ಕಂಡವು. ಗಳಲೆಯೇ. ಮರುದಿನ ತಟ್ಟೆಯಲ್ಲಿ ಹನಿಹನಿಯಾಗಿ ಎದ್ದವು. ಓರೆ ಬೆಳಕಿಗೆ ಹಿಡಿದೆ. ಹಸಿರು, ನೀಲಿ, ಕೆಂಪು. ಆ ಬಣ್ಣವನ್ನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಅಷ್ಟು ಚಂದವಾಗಿ ಎಂದೂ ಕಂಡಿರಲಿಲ್ಲ. ಬನ್ನಿ, ನೋಡಿ ಎಂದು ಕೂಗಲು ಬಾಗಿಲವರೆಗೆ ಹೋಗಿದ್ದೆ. ಮಳೆಯೊಂದು ಬಿಟ್ಟರೆ ಹೊರಗೆ ಏನೂ ಇರಲಿಲ್ಲ. ತಟ್ಟೆ ಹಿಡಿದುಕೊಂಡೇ ವಾಪಸು ಬಂದೆ.

ಒಣಗಿಸುವ ಕೆಲಸ ಮೊದಮೊದಲು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಕೆನೆ ತೆಗೆದ ಹಾಲಿಗೆ ಸಕ್ಕರೆ ಬೆರೆಸಿ, ಅದರಲ್ಲಿ ರೋಗಾಣು ಕದಡಿ, ಆಂಪೂಲುಗಳಿಗೆ ಹನಿಸಿ, ದುರಸ್ತಿಯಾಗಿ ಬಂದ ಫ್ರೀಜರಿನಲ್ಲಿ ಗಟ್ಟಿ ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ನೀರನ್ನೆಲ್ಲ ಹೀರಬೇಕು. ಪಂಪು ನಡುವೆ ನಿಂತರೆ ಪುಡಿ ಕರಗಿ ಅಂಟಾಗುತ್ತದೆ. ಮೊದಲ ಸಲ ಕರೆಂಟು ಕೈಕೊಟ್ಟು ಎಲ್ಲವೂ ಅಂಟಾಯಿತು. ಎರಡನೇ ಸಲ ಪಂಪಿನ ಎಣ್ಣೆಗೆ ನೀರು ಸೇರಿ ಹಾಲಿನಂತೆ ಬೆಳ್ಳಗಾಯಿತು. ಅಂಗಡಿ, ಕಚೇರಿಗಳು ಮುಚ್ಚಿರುವ ಭಾನುವಾರ ವೋಲ್ಟೇಜು ಅಲುಗಾಡುವುದಿಲ್ಲವೆಂದು ಆಮೇಲೆ ಹೊಳೆಯಿತು. ಭಾನುವಾರ ನನಗೆ ಮೊದಲಿನಿಂದಲೂ ಆಗದ ವಾರ. ಬೆಳಗಾದರೆ ಸಂಜೆಯಾಗುತ್ತಿರಲಿಲ್ಲ. ಪಂಪಿನ ಪಕ್ಕ ಕುರ್ಚಿ ಹಾಕಿಕೊಂಡು ಅದರ ಗುರ್ ಎಂಬ ಸದ್ದು ಕೇಳುತ್ತಾ ಕೂತ ಆ ಭಾನುವಾರ ಮಾತ್ರ ಬೇಗ ಕಳೆಯಿತು. ಸಂಜೆ ಒಂದೊಂದೇ ಆಂಪೂಲಿನ ಕುತ್ತಿಗೆಯನ್ನು ಉರಿಗೆ ಹಿಡಿದು ಎಳೆದು ಮುಚ್ಚಿದೆ. ಕಿಡಿಕಡ್ಡಿ ತಾಗಿಸಿದರೆ ಎಲ್ಲವೂ ನೇರಳೆಯಾಗಿ ಬೆಳಗಿದವು. ಕೆಲವನ್ನು ಒಡೆದು ಬೆಳೆಸಿಯೂ ನೋಡಿದೆ. ಎಲ್ಲಕ್ಕೂ ಜೀವವಿತ್ತು, ಹೊದಿಕೆಯೂ ಇತ್ತು.

ಮೇಲಧಿಕಾರಿಗೆ ಬಹಳ ಸಂತೋಷವಾಯಿತು. “ನೋಡಿ, ಅದೇ ತಾಲೂಕು, ಅದೇ ರೋಗ, ಅದೇ ಎಮ್ಮೆ ಜಾತಿ. ಹಳೇ ನಂಬರೇ ಬರೆದು ಕಳಿಸಿಬಿಡಿ. ಸಂಗ್ರಹಕ್ಕೆ ತಳಿ ಸಿಗುತ್ತೆ, ಹಳಬರ ಹೆಸರೂ ಉಳಿಯುತ್ತೆ, ನಿಮ್ಮ ಕಾಲದಲ್ಲಿ ಹೋಯ್ತು ಅನ್ನೋ ಮಾತೂ ಇರೋಲ್ಲ. ಯಾರಿಗೆ ನಷ್ಟ ಹೇಳಿ?”

ಯಾರಿಗೂ ನಷ್ಟ ಕಾಣಲಿಲ್ಲ, ಅದೇ ಕಷ್ಟ. ಚೀಟಿಗಳನ್ನು ಹರಡಿಕೊಂಡು ಕೂತೆ. ಬಾಳೆಗುಳಿಯ ಆ ಹಿರಿಯರು ದವಾಖಾನೆಯ ಬಾಗಿಲಲ್ಲಿ ನಿಂತು ನಮ್ಮದು ಹೆಂಗದೆ ಎಂದು ಕೇಳುವುದು ಕಣ್ಣಮುಂದೆ ಬಂತು. ಚೆನ್ನಾಗಿದೆ ಎನ್ನಲು ಒಂದು ನಂಬರು ಬರೆದರೆ ಸಾಕಿತ್ತು. ಆದರೆ ಒರೆಗಲ್ಲೇ ಸುಳ್ಳಾದರೆ ಆಮೇಲೆ ಉಜ್ಜಿದ್ದೆಲ್ಲ ಬಂಗಾರವೇ. ಎಮ್ಮೆಯ ಕಿವಿ ಸವರುತ್ತಾ ಆ ಹೆಂಗಸು ಹೇಳಿದ್ದೂ ಅದನ್ನೇ. ಹೊಸದಕ್ಕೆ ಹೊಸ ನಂಬರು ಬರೆದೆ. ಹಳೆಯದರ ಮುಂದೆ, ತಳಿ ಸತ್ತಿದೆ, ಎಂದು ಬರೆದು ನನ್ನ ಸಹಿ ಹಾಕಿದೆ. ಮೇಲಧಿಕಾರಿ ಆಮೇಲೆ ಬಹಳ ಕಾಲ ನನ್ನೊಡನೆ ಕಾಗದದಲ್ಲಲ್ಲದೆ ಮಾತಾಡಲಿಲ್ಲ.

ಆಂಪೂಲುಗಳನ್ನು ಕಳಿಸಿದ ಮೇಲೆ ಬಾಳೆಗುಳಿಗೆ ಹೋದೆ. ಇದನ್ನು ಬೇರೆಯವರ ಬಾಯಿಂದ ಅವರು ಕೇಳುವುದು ನನಗೆ ಬೇಡವಿತ್ತು. ಮನೆ ತುಂಬ ಮಕ್ಕಳು, ಟಿವಿ, ಒಳಗೆ ಮೀನು ಹುರಿಯುವ ಸದ್ದು. ಹಳೇ ಸಾಹೇಬರು ನನ್ನನ್ನು ಜಗಲಿಯ ಮೂಲೆಗೆ ಕರೆದು ಕೂರಿಸಿದರು. ಫ್ರೀಜರಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮಣಕ ಉಳಿದ ಸುದ್ದಿಗೆ ತಲೆಯಾಡಿಸಿದರು. ಹೊಸ ತಳಿಯ ಹೊಳಪು ಹೇಗಿತ್ತೆಂದು ಎರಡು ಸಲ ಕೇಳಿದರು. ಹಳೇ ನಂಬರಿನ ಮುಂದೆ ಬರೆದದ್ದನ್ನು ಹೇಳಿದಾಗ, “ಸರಿ ಮಾಡ್ದೆ,” ಎಂದು ಅಂಗಳ ನೋಡುತ್ತಾ ಕೂತರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ಕೇಳಿದರು: “ಕಡೇದು ಒಡ್ದಾಗ ಜೊತೆಗೆ ಯಾರಿದ್ರು?”

“ಯಾರೂ ಇಲ್ಲ ಸಾರ್. ಒಬ್ಬಳೇ.”

“ಕಾಯೂಕೆ?”

“ಅದಕ್ಕೂ ಒಬ್ಬಳೇ.”

ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿದ್ದದ್ದು ತಳಿ ಹೋದ ದುಃಖವಲ್ಲ, ನನ್ನ ಮೇಲಿನ ಸಿಟ್ಟು.

“ನಂಗೊಂದು ಹೇಳಿ ಕಳ್ಸೂಕೆ ಏನಾಗಿತ್ತು, ತಂಗಿ? ಬಸ್ ಹತ್ಕಂಡು ಬತ್ತಿದ್ದೆ. ಅದು ಮೊದಲ್ನೇ ಸಲ ಬೆಳ್ದ ದಿವ್ಸನೂ ನಾ ಒಬ್ನೇ ಇದ್ದೆ, ಕರ್ದು ತೋರ್ಸೂಕೆ ಯಾರೂ ಇರ್ಲಿಲ್ಲ. ಹೋಗೂ ದಿವ್ಸ ಆದ್ರೂ ಇಬ್ರು ಕೂತ್ಕಂತಿದ್ವಲ್ಲ.”